ಆಡಿಸನ್‌ನಲ್ಲಿ ಇಳಿಯೋರು

…ಕೂತ್ಕೋ ಟೆಡ್ಡಿ, ಕೂತ್ಕೋ. ಬಾಗಿಲ ಹತ್ರ ನಿಂತ್ರೆ ರೈಲೇನೂ ಬೇಗ ಓಡಲ್ಲ. ಬಾ ಇಲ್ಲಿ, ನನ್ನ ಪಕ್ಕಕ್ಕೆ. ಹಾಂ, ಹಾಗೆ. ನಿನ್ನ ತೋಳು ಹಿಡ್ಕೊಂಡಿರೋದು ನೀನು ಕಳೆದುಹೋಗಬಾರದು ಅಂತ, ಬೇರೆ ಏನೂ ಅಲ್ಲ. ನೆಬ್ರಾಸ್ಕಾದೋರನ್ನ ಶಿಕಾಗೊ ರೈಲಲ್ಲಿ ಬಿಟ್ರೆ ಕರೂನ ಸಂತೇಲಿ ಬಿಟ್ಟ ಹಾಗೆ.

ಯಾಕೋ ನಗ್ತೀಯ? ಗೊತ್ತಪ್ಪ, ನೀನೂ ಇದೇ ಊರಲ್ಲಿ ಹುಟ್ಟಿದೋನು. ಹುಟ್ಟಿದ್ದು ಇಲ್ಲಿ, ಬುದ್ಧಿ ಬಂದಿದ್ದು ಮಾತ್ರ ಜೋಳದ ಹೊಲದಲ್ಲಿ. ಬಂತೋ ಇಲ್ವೋ ಅದೂ ಗೊತ್ತಿಲ್ಲ. ಹತ್ತಿದ ತಕ್ಷಣ ಆ ಪಕ್ಕದೋನಿಗೆ "ನಮಸ್ಕಾರ, ಹೇಗಿದೀರಿ" ಅಂದ್ಯಲ್ಲೋ. ಅವನು ನಿನಗೆ ನೆಂಟನಾ, ಇಷ್ಟನಾ? ಪಾಪ, ಏನೋ ಭಿಕ್ಷೆ ಕೇಳ್ತಾನೆ ಅಂದ್ಕೊಂಡು ಆ ಕಡೆ ಸರಿದ. ರೈಲಲ್ಲಿ ಯಾರೂ ಯಾರನ್ನೂ ಹೇಗಿದೀರಿ ಅಂತ ಕೇಳಲ್ಲ ಕಣೋ. ಅದೇ ಇಲ್ಲಿನ ಮರ್ಯಾದೆ.

ನಿನ್ನ ಹೆಂಡ್ತಿ ಅಲ್ಲಿ ಎದುರುಗಡೆ ಸೀಟಲ್ಲಿ ತಾನೆ? ತಿರುಗಿ ನೋಡದೇನೇ ಹೇಳ್ತೀನಿ ಕೇಳು, ಕೈಚೀಲ ಎದೆಗೆ ಅವಚಿಕೊಂಡು ಕೂತಿದಾಳೆ. ಹೌದೋ ಅಲ್ವೋ? ನೋಡಿದ್ಯಾ. ಮಾರ್ಲಿಸ್‌ನ ನೋಡೋಕೆ ಕಣ್ಣು ಬೇಕಾ. ಈ ರೈಲಲ್ಲಿರೋ ಕಳ್ಳರಿಗೂ ಒಂದು ಅಂತಸ್ತಿದೆಯಮ್ಮ, ನಿನ್ನ ಅಂಟು ಬಾಚಣಿಗೆ, ಕೆಮ್ಮಿನ ಮಾತ್ರೆ ಯಾರಿಗೂ ಬೇಡ ಅಂತ ಹೇಳು ಅವಳಿಗೆ. ಹೇಳ್ಬೇಡ, ಹೇಳ್ಬೇಡ… ಮತ್ತೆ ಅತ್ಕೊಂಡು ಕೂತಾಳು.

ಇನ್ನು ಆ ಅಂಗಿಗಳೋ. ಗಂಡ, ಹೆಂಡ್ತಿ, ಇಬ್ಬರು ಹುಡುಗೀರು, ನಾಲ್ಕೂ ಜನಕ್ಕೆ ಒಂದೇ ಹಳದಿ ಅಂಗಿ. ಬ್ಯಾಂಡ್ ಬಾರಿಸೋರು ಬಂದ ಹಾಗೆ. ಮನೆ ಮುಂದೆ ನಿಂತಿದ್ರಲ್ಲ ನೀವು, ನಂಗೆ ಬೀದಿ ಮುಖ ನೋಡೋಕೇ ನಾಚಿಕೆ ಆಯ್ತು. ಒಂದು ಅನುಕೂಲ ಉಂಟು ಬಿಡು, ಎಲ್ಲೇ ನಿಂತ್ರೂ ಎದ್ದು ಕಾಣ್ತೀರಿ.

ಕಾರು, ಕಾರು… ಮತ್ತೆ ಅದೇ ರಾಗ. "ಅಕ್ಕ, ವ್ಯಾನ್‌ನಲ್ಲೇ ಹೋಗೋಣ, ನೀನು ಮುಂದೆ ಕೂತು ದಾರಿ ಹೇಳು" ಅಂದ್ಯಲ್ಲ ಬೆಳಿಗ್ಗೆ. ದಾರಿ ಹೇಳೋಕೆ ನಾನೇನು ನಿನ್ನ ಕೂಲಿಯೋಳಾ? ಆ ನಿನ್ನ ವ್ಯಾನು, ಕೋಳಿ ಸಾಗಿಸೋ ಗಾಡಿ ಇದ್ದ ಹಾಗಿದೆ. ಆಟದ ದಿನ ಅದನ್ನ ನಿಲ್ಲಿಸೋಕೆ ಜಾಗ ಹುಡುಕೋ ಹೊತ್ತಿಗೆ ಆಟ ಮುಗಿದು ಜನ ಮನೇಲಿ ಊಟಕ್ಕೆ ಕೂತಿರ್ತಾರೆ. ಬೇಸ್‌ಬಾಲ್‌ಗೆ ರೈಲಲ್ಲಿ ಹೋಗ್ಬೇಕು. ನಮ್ಮಪ್ಪ ನಿನ್ನ ಹೆಗಲ ಮೇಲೆ ಕೂರಿಸ್ಕೊಂಡು, ನನ್ನ ಕೈ ಹಿಡ್ಕೊಂಡು ಹೋಗ್ತಿದ್ದಿದ್ದು ರೈಲಲ್ಲೇ. ಆ ಮನುಷ್ಯನ ಮಗ ವ್ಯಾನ್ ತಂದಿದಾನಂತೆ, ವ್ಯಾನ್.

ಅದಿರ್ಲಿ, ನಮ್ಮ ಕರಾರು ನೆನಪಿದೆ ತಾನೆ? ತಲೆ ಕೆರ್ಕೋಬೇಡ. ನೀನು ಬಂದಿದ್ದು ಯಾಕೆ ಅಂತ ನಂಗೆ ಗೊತ್ತಿಲ್ವಾ? ರಜಾ ಅಂತೆ, ಮಕ್ಕಳಿಗೆ ಊರು ತೋರಿಸೋಕಂತೆ. ಮೇಲಿನ ಮನೆ ಓಲ್ಗಾ ಫೋನ್ ಮಾಡಿದಾಳೆ ನಿನಗೆ. ನಿಮ್ಮಕ್ಕ ಕೆಂಪು ದೀಪ ಇದ್ದಾಗ ರಸ್ತೆ ದಾಟಿದ್ಲು, ನಾನು ಎದುರಿಗೆ ಬಂದು ಕೈಯೆತ್ತಿದ್ರೂ ಮಾತಾಡಿಸದೆ ಹೋದ್ಲು ಅಂತ. ಮಾತಾಡಿಸ್ಲಿಲ್ಲ. ಯಾಕೆ ಮಾತಾಡಿಸ್ಬೇಕು? ಆ ಮೋರೆ ನೋಡೋಕಿಂತ ಗೋಡೆ ನೋಡೋದು ಮೇಲು. ಅವಳಿಗೆ ಬೇರೆ ಕೆಲಸ ಇಲ್ಲ, ಕಣ್ಣಿಗೆ ಎಣ್ಣೆ ಬಿಟ್ಕೊಂಡು ನನ್ನ ಕಾಯ್ತಿರ್ತಾಳೆ.

ನಾನು ನಿಮ್ಮನ್ನೆಲ್ಲ ಈ ರೈಲಲ್ಲಿ ಆಟಕ್ಕೆ ಕರ್ಕೊಂಡು ಹೋಗಿ, ಆಟ ತೋರಿಸಿ, ವಾಪಸ್ ಮನೆಗೆ ತಂದು ಬಿಟ್ರೆ… ಆಮೇಲೆ ನಿನ್ನ ಮನೆ ಕೆಳಗಿನ ಆ ಕೋಣೆ ಮಾತು ನೀನು ಎತ್ತೋ ಹಾಗಿಲ್ಲ. ಇವತ್ತೂ ಇಲ್ಲ, ಕ್ರಿಸ್‌ಮಸ್‌ಗೂ ಇಲ್ಲ. ಹೊಸ ಬಣ್ಣ ಹೊಡೆಸಿದಾಳಂತೆ ಮಾರ್ಲಿಸ್, ಪರದೆ ಹಾಕಿದಾಳಂತೆ. ನೆಲದಡಿ ಕೋಣೆಗೆ ಎಂಥ ಪರದೆ? ಯಾರು ಇಣುಕ್ತಾರೆ ಅಲ್ಲಿ, ಹೆಗ್ಗಣಗಳಾ? ನಂಗೆ ನನ್ನ ಮನೆ ಸಾಕು. ನನ್ನ ಮೆಟ್ಟಿಲು, ನನ್ನ ಒಲೆ, ಮೂಲೆ ಅಂಗಡಿಯ ಆ ಜಿಪುಣ. ಅಲ್ಲಿ ಯಾವುದು ಎಲ್ಲಿದೆ ಅಂತ ನನ್ನ ಕೈಗೆ ಗೊತ್ತು ಕಣೋ. ನಿನ್ನೂರಲ್ಲಿ ನಾನು ಏನು…

ಹಾಂ, ಸ್ಟೇಷನ್ ಬಂತು. ಯಾವುದು ಓದು ನೋಡೋಣ, ಆ ಬೋರ್ಡು. ಓದು ಓದು. ಹಳ್ಳಿ ಸೇರಿದ ಮೇಲೆ ಅಕ್ಷರ ನೆನಪಿದೆಯೋ ಮರೆತೋ ಅಂತ ನೋಡ್ಬೇಕು. ವಿಲ್ಸನ್. ಭೇಷ್. ಮೇಷ್ಟ್ರು ಬದುಕಿದ್ದಿದ್ರೆ ಖುಷಿ ಪಡ್ತಿದ್ರು.

ಈಗ ನೋಡು, ಹೇಗೆ ನುಗ್ತಾ ಇದಾರೆ. ನೀಲಿ ಟೋಪಿಗಳು. ನಿಂಗೆ ಹೇಳ್ಬೇಕಾಗಿಲ್ಲ, ಆದ್ರೆ ನಿನ್ನ ಮಕ್ಕಳಿಗೆ ತಿಳಿಸಿ ಹೇಳು. ಊರು ಒಂದೇ, ತಂಡ ಎರಡು. ಉತ್ತರದ ನೀಲಿಯೋರು ಇಲ್ಲೇ ಮುಂದೆ ಆಡಿಸನ್‌ನಲ್ಲಿ ಇಳೀತಾರೆ. ನಮ್ಮದು ದಕ್ಷಿಣ, ಕಪ್ಪು ಬಿಳಿ. ಅದಕ್ಕೆ ಪೇಟೆ ದಾಟಿ, ಸುರಂಗ ದಾಟಿ ಆ ಕಡೆ ಹೋಗ್ಬೇಕು. ಹೋಗೋದು ಇದೇ ರೈಲು, ಇದೇ ಹಳಿ. ಇವತ್ತು ಅಪರೂಪಕ್ಕೆ ಎರಡೂ ಕಡೆ ಆಟ, ಅದಕ್ಕೇ ಈ ಗದ್ದಲ.

ಮದುವೆಯಾಗಿ ಉತ್ತರಕ್ಕೆ ಬಂದಾಗಿಂದ ಈ ನೀಲಿ ಮಂದಿ ನಡುವೆ ಬಾಳಿದೀನಿ ನಾನು. ಒಂದು ದಿನ, ಒಂದೇ ಒಂದು ದಿನ ಆಡಿಸನ್‌ನಲ್ಲಿ ಕಾಲಿಟ್ಟಿಲ್ಲ. ನನ್ನ ಗಂಡ, ಆ ಪುಣ್ಯಾತ್ಮ, ಸಾಯೋ ವರೆಗೂ ಕರೆದ. "ಒಂದ್ಸಲ ಬಾರೇ ವ್ಯಾಂಡಾ, ಹುಲ್ಲು ಎಷ್ಟು ಹಸಿರಾಗಿದೆ ನೋಡು." ಹುಲ್ಲು ನೋಡೋಕೆ ನಾನೇನು ದನನಾ? ಇವರು ಆಟ ನೋಡೋಕೆ ಬರೋರಲ್ಲ ಕಣೋ. ಬಿಸಿಲು ಕಾಯಿಸೋಕೆ, ಬಿಯರ್ ಕುಡಿಯೋಕೆ ಬರೋರು. ಸೋತ್ರೂ ಹಾಡ್ತಾರೆ, ಗೆದ್ರೂ ಹಾಡ್ತಾರೆ. ಸೋತಾಗ ಬೈಯೋಕೆ ಬರದೇ ಇರೋನು ಎಂಥ ಅಭಿಮಾನಿ? ಮೂಸಿ ನೋಡು, ಆಟ ಇನ್ನೂ ಶುರುವೇ ಆಗಿಲ್ಲ, ಆಗಲೇ ಹೇಗೆ ನಾರ್ತಿದಾರೆ.

ಮೆತ್ತಗೆ ಯಾಕೆ ಮಾತಾಡ್ಲಿ? ಕೇಳಿಸ್ಲಿ ಬಿಡು.

ಟಿಕೆಟ್ಟಾ? ಇದೆ ಕಣೋ, ನನ್ನ ಚೀಲದಲ್ಲೇ ಇದೆ. ಮಾರ್ಲಿಸ್ ಕೈಯಲ್ಲಿ ಕೊಟ್ಟಿದ್ರೆ ಅದನ್ನೂ ಆ ಸ್ಯಾಂಡ್‌ವಿಚ್ ಡಬ್ಬಿ ಒಳಗೆ ತುರುಕಿರ್ತಿದ್ಲು. ನಿನ್ನೆ ರಾತ್ರಿ ನೀನು ಕೊಟ್ಟಾಗ ದೀಪದ ಕೆಳಗೆ ಹಿಡಿದು ಚೆನ್ನಾಗಿ ನೋಡಿದೀನಿ. ಮೂರನೇ ಬೇಸ್ ಕಡೆ, ನೆರಳಿನ ಜಾಗ, ನೀನೂ ಅಂದ್ಯಲ್ಲ. ಒಳ್ಳೆ ಸೀಟು. ಅದೊಂದು ವಿಷಯದಲ್ಲಿ ಶಭಾಸ್ ಅನ್ಬೇಕು ಅವಳಿಗೆ. ಅಂದೆ ಅಲ್ವಾ ನಿನ್ನೆನೇ? "ಚೆನ್ನಾಗಿದೆ ಮಾರ್ಲಿಸ್, ಒಳ್ಳೆ ಟಿಕೆಟ್ ತಂದಿದೀಯ" ಅಂತ ಬಾಯಿ ತುಂಬ ಅಂದೆ. ಅವಳು ಯಾಕೆ ಅಷ್ಟು ಖುಷಿಯಾಗಿ ನನ್ನ ತಬ್ಕೊಂಡ್ಲು ಅಂತ ನಂಗೆ ಇನ್ನೂ ಅರ್ಥ ಆಗಿಲ್ಲ. "ಅತ್ತಿಗೆ, ನೀವು ಬೈತೀರಿ ಅಂತ ಹೆದರಿದ್ದೆ" ಅಂತಾಳೆ. ಬೈಯೋಕೆ ನನಗೇನು ಕಾರಣ ಬೇಡ್ವಾ? ಹುಚ್ಚಿ.

ನೀನ್ಯಾಕೋ ಹಾಗೆ ಕೆಮ್ಮಿದ್ದು?

ಇಗೋ, ತಿರುವು ಬಂತು, ಹಿಡ್ಕೋ. ಹಿಂಗೆ ಓಲಾಡಿದ್ರೆ ಮುಂದಿನದು ಆಡಿಸನ್ ಅಂತ ಲೆಕ್ಕ. ನಂಗೆ ಬೋರ್ಡೂ ಬೇಡ, ಕೂಗಿ ಹೇಳೋ ಆ ಯಂತ್ರಾನೂ ಬೇಡ. ನೀಲಿಯೋರು ಬಾಗಿಲಿಗೆ ನುಗ್ತಾ ಇದಾರೆ ನೋಡು. ಹೋಗ್ರಪ್ಪ ಹೋಗಿ, ಗಾಡಿಯಾದ್ರೂ ಹಗುರ ಆಗ್ಲಿ.

ಏ… ಏ ಹಳದಿ. ಎಲ್ಲಿ ಹೊರಟ್ರಿ ನೀವು? ಮಾರ್ಲಿಸ್, ಕೂತ್ಕೋ ಮಹಾತಾಯಿ. ಮಕ್ಕಳನ್ನ ಕೂರ್ಸು. ಟೆಡ್ಡಿ, ನಿಂಗೇನಾಯ್ತು, ನೀನೂ ಎದ್ದೆ? ಕೂರೋ. ಕೂರು ಅಂದೆ. ಎಲ್ಲರೂ ಇಳಿದ್ರು ಅಂತ ಇಳಿಯೋದಾ? ಒಂದು ಕುರಿ ಹಳ್ಳಕ್ಕೆ ಬಿದ್ರೆ ಎಲ್ಲ ಕುರೀನೂ ಬಿದ್ವಂತೆ. ಹೇಳ್ಲಿಲ್ವಾ ಈಗಷ್ಟೆ, ಇಲ್ಲಿ ಇಳಿಯೋರು ಬೇರೆ ಜಾತಿ ಅಂತ. ಹಾಂ… ಬಾಗಿಲು ಹಾಕ್ಕೊಳ್ತು. ಬದುಕ್ಕೊಂಡ್ವಿ.

ನಾನಿಲ್ದೆ ಇದ್ರೆ ಏನಾಗ್ತಿತ್ತು ಹೇಳು. ನೀಲಿ ಮಂದಿ ಜೊತೆ ಹೋಗಿ ಆ ಗೇಟಲ್ಲಿ ನಿಂತು ಪಿಳಿಪಿಳಿ ಕಣ್ಣು ಬಿಡ್ತಿದ್ರಿ. ಇದೇ ಅಕ್ಕನ್ನ ನೋಡ್ಕೊಳ್ಳೋಕೆ ಬಂದಿದಾನೆ ನನ್ನ ತಮ್ಮ. ಯಾರು ಯಾರನ್ನ ನೋಡ್ಕೋಬೇಕು ಅಂತ ಈಗಲಾದ್ರೂ ಗೊತ್ತಾಯ್ತಾ?

ಏನಂತೆ ಅವಳದು? ನಿನ್ನ ಚಿಕ್ಕೋಳು… ಏನೋ ಕೇಳ್ತಿದಾಳೆ. "ಅಪ್ಪ, ನಾವು ಅಲ್ಲೇ ಅಲ್ವಾ ಇಳೀಬೇಕಿದ್ದಿದ್ದು" ಅಂತ. ಅಲ್ಲ ಪುಟ್ಟಿ. ಅಲ್ಲಲ್ಲ. ಅತ್ತೆ ಹೇಳಿದ್ದು ಕೇಳ್ಲಿಲ್ವಾ? ಹೇಳೋ ಟೆಡ್ಡಿ ಮಗುವಿಗೆ.

ಹೇಳೋ.

ಮಾರ್ಲಿಸ್ ಯಾಕೆ ಮೂಗು ಸೊರಸೊರ ಅನ್ನಿಸ್ತಿದಾಳೆ? ಗದರಿದ್ದಕ್ಕಾ? ಅಷ್ಟಕ್ಕೆಲ್ಲ ಅತ್ರೆ ಈ ಊರಲ್ಲಿ ದಿನಾ ಅಳ್ತಾ ಇರ್ಬೇಕಾಗತ್ತೆ.

ಏನು, ಚೀಲ ಕೊಡ್ಬೇಕಾ? ಟಿಕೆಟ್ ನೋಡ್ಬೇಕಾ? ನೋಡು, ನೋಡು. ಲಕೋಟೆ ಮೇಲ್ಗಡೇನೇ ಇದೆ. ಅಕ್ಕನ ಮಾತಿನ ಮೇಲೆ ನಂಬಿಕೆ ಇಲ್ಲ ನಿಂಗೆ. ತಗೊಂಡ್ಯಾ? ನೋಡಿದ್ಯಾ? ಆಯ್ತಲ್ಲ, ಇನ್ನು… ನನ್ನ ಕೈಗ್ಯಾಕೆ ಕೊಡ್ತೀಯ? ನಾನು ನೋಡಾಗಿದೆ ಅಂದ್ನಲ್ಲ. ಓದ್ಬೇಕಾ? ನಾನಾ? ಪರೀಕ್ಷೆ ಮಾಡ್ತೀಯೇನೋ ನನ್ನ?

ಸರಿ ಬಿಡು. ಕೇಳಿಸ್ಕೋ. ಇಗೋ, ಇಲ್ಲಿ ಮೇಲೆ, ದಪ್ಪಕ್ಷರದಲ್ಲಿ ನಮ್ಮ ತಂಡದ ಹೆಸರು. ಕೆಳಗೆ ನಮ್ಮ ಮೈದಾನದ ಹೆಸರು. ಅದರ ಕೆಳಗೆ ಮೂರನೇ ಬೇಸ್, ಇವತ್ತಿನ ತಾರೀಕು. ಆಯ್ತಾ? ಸಮಾಧಾನ ಆಯ್ತಾ? ಇನ್ನೂ ಓದ್ಲಾ?

ಟಿಕೆಟ್ ಯಾಕೋ ವಾಪಸ್ ತಗೊಂಡೆ?

ಟೆಡ್ಡಿ. ಈಗ ನಗು. ಆವಾಗಿಂದ ನಗ್ತಿದ್ಯಲ್ಲ.

…ಹೆದರಿದ್ದೆ ಅಂದ್ಲಲ್ಲ ಅವಳು. ಬೈತೀನಿ ಅಂತ. ನಾನು ಒಳ್ಳೆ ಟಿಕೆಟ್ ಅಂದೆ. ಅಯ್ಯೋ ಆ ಪೆದ್ದಿ… ಇದು ನೀಲಿಯೋರದ್ದಾ? ಶಿಕಾಗೊ ಅಂತ ಕೇಳಿದಾಳೆ, ಅವರು ಕೊಟ್ಟಿದ್ದು ತಂದಿದಾಳೆ, ಎರಡಿದೆ ಅಂತ ಅವಳಿಗೆ ಹೇಗೆ ಗೊತ್ತಾಗ್ಬೇಕು. ಆದ್ರೆ ನಿಂಗೆ ಗೊತ್ತಿತ್ತಲ್ಲೋ. ನಿನ್ನೆ ರಾತ್ರಿ ದೀಪದ ಕೆಳಗೆ ನಾನು ಹಿಡ್ಕೊಂಡಾಗ ನೀನು ಪಕ್ಕದಲ್ಲೇ ನಿಂತಿದ್ದೆ. ಏನಂದ್ಕೊಂಡೆ? ಅಕ್ಕನಿಗೆ ವಯಸ್ಸಾಯ್ತು, ಮೆತ್ತಗಾಗಿದಾಳೆ, ಮಕ್ಕಳಿಗೋಸ್ಕರ ಒಪ್ಕೊಂಡ್ಲು ಅಂತಾನಾ? ನಾನು ಮೆತ್ತಗಾಗ್ತೀನೇನೋ? ಇಷ್ಟು ವರ್ಷ ತಿಳಿದೂ ಹಾಗೆ ಅಂದ್ಕೊಂಡ್ಯಲ್ಲೋ ನನ್ನ ಬಗ್ಗೆ.

ಬದಿಯಿಂದ ಕಾಣತ್ತೆ ಕಣೋ. ಚೆನ್ನಾಗೇ ಕಾಣತ್ತೆ. ನೇರ ನೋಡಿದ್ರೆ ಮಾತ್ರ ನಡುವೆ ಏನೋ ಮಬ್ಬು…

ಸರಿ. ಏನೀಗ? ಆಕಾಶ ಏನೂ ಬಿದ್ದಿಲ್ಲ. ಮುಂದಿನ ಸ್ಟೇಷನ್‌ನಲ್ಲಿ ಇಳಿಯೋಣ. ಎದುರಿನ ಪ್ಲಾಟ್‌ಫಾರ್ಮಿಗೆ ಹೋಗೋ ಮೆಟ್ಟಿಲು ನಂಗೆ ಗೊತ್ತು, ನಾನೇ ಕರ್ಕೊಂಡು ಹೋಗ್ತೀನಿ. ವಾಪಸ್ ಒಂದೇ ಸ್ಟೇಷನ್. ಮೊದಲ ಚೆಂಡು ಎಸೆಯೋಷ್ಟರಲ್ಲಿ ಸೀಟಲ್ಲಿ ಕೂತಿರ್ತೀವಿ. ನಾನೂ ಬರ್ತೀನಿ. ಹೂಂ, ಬರ್ತೀನಿ, ಆ ಕುಡುಕರ ನಡುವೆ ಕೂರ್ತೀನಿ, ಹಾಡು ಅಂದ್ರೆ ಹಾಡ್ತೀನಿ. ಹುಡುಗೀರಿಗೆ ಅಲ್ಲಿ ಸಾಸಿವೆ ಹಾಕಿದ ಹಾಟ್‌ಡಾಗ್ ಕೊಡಿಸ್ತೀನಿ. ನೀವು ಅದಕ್ಕೂ ಈ ಊರಲ್ಲಿ ಯಾರೂ ಹಾಕದ ಟೊಮೆಟೊ ಸಾಸ್ ಸುರ್ಕೊಂಡು ನನ್ನ ಮಾನ ಕಳೀತೀರಿ… ಕಳೀರಿ. ಮಾರ್ಲಿಸ್‌ಗೆ ಅಳ್ಬೇಡ ಅಂತ ಹೇಳು. ಒಳ್ಳೆ ಟಿಕೆಟ್ಟೇ ತಂದಿದಾಳೆ.

ಒಂದು ಸ್ಟೇಷನ್ ಹೆಚ್ಚು ಹೋಯ್ತು, ಅಷ್ಟೆ ತಾನೆ? ಕರಾರು ಕರಾರೇ. ಕರ್ಕೊಂಡು ಹೋಗಿ ವಾಪಸ್ ತರ್ತೀನಿ ಅಂದಿದ್ದೆ, ತರ್ತೀನಿ. ಆ ಕೋಣೆ ಮಾತು ಎತ್ತಲ್ಲ ತಾನೆ ನೀನು? ಟೆಡ್ಡಿ? ನೀನು ಎದ್ದು ನಿಂತಿದ್ದೋನು ನಾನು ಕೂರು ಅಂದಿದ್ದಕ್ಕೆ ಕೂತೆ. ಇದೊಂದನ್ನೂ ಕೇಳೋ.

ಕೈಯೇನೋ ಹಿಡ್ಕೊಂಡೆ. ಸರಿ, ಹಿಡ್ಕೋ. ಉತ್ತರ ಎಲ್ಲಿ?

ತಲೆ ಆಡಿಸ್ತಿದೀಯಾ? ಹೂಂ ಅಂತಾನೋ, ಊಹೂಂ ಅಂತಾನೋ… ಬಾಯಿಬಿಟ್ಟು ಹೇಳೋ, ಟೆಡ್ಡಿ.