ಸಿನೆಮಾದ ಅರಿವೆ ಹರಿದ ಬಗ್ಗೆ ಹರದೇಶಿ ಭೀಮಸಿಯ ಹೇಳಿಕೆ

ನಾನು ಭೀಮಸಿ ತಂದೆ ಲಗಮಪ್ಪ ಹಂಜಿ, ವಯಸ್ಸು 64, ಉದ್ಯೋಗ ಒಕ್ಕಲುತನ ಹಾಗೂ ಗೀಗೀ ಪದ ಹಾಡುವುದು, ಸಾ॥ ಸತ್ತಿ, ತಾ॥ ಅಥಣಿ, ಜಿ॥ ಬೆಳಗಾವಿ. ಜಮಾದಾರರು ಮೊದಲು ಬರೀ ಒಕ್ಕಲುತನ ಎಂದು ಬರೆದಿದ್ದರು, ಹಾಡುವುದನ್ನು ನಾನೇ ಹೇಳಿ ಸೇರಿಸಿದ್ದೇನೆ. ಈ ದಿನ ಠಾಣೆಗೆ ಹಾಜರಾಗಿ, ಕೇಳಿದ್ದಕ್ಕೆ ಬರೆಸುವುದೇನೆಂದರೆ,

ನಾನು ಹರದೇಶಿ ಮೇಳದವನು. ಗಂಡು ಹೆಚ್ಚು ಎಂದು ಹಾಡುವುದು ನಮ್ಮ ಪಕ್ಷ. ಜುಗೂಳದ ರುಕ್ಮವ್ವ ನಾಗೇಶಿ ಮೇಳದವಳು, ಹೆಣ್ಣು ಹೆಚ್ಚು ಎಂದು ಹಾಡುತ್ತಾಳೆ. ಮೂವತ್ತು ವರ್ಷದಿಂದ ಎದುರುಬದುರು ನಿಂತು ಹಾಡುತ್ತಿದ್ದೇವೆ. ಒಬ್ಬರು ಹಾಕಿದ ಸವಾಲಿಗೆ ಇನ್ನೊಬ್ಬರು ಅಲ್ಲಿಯೇ ಪದ ಕಟ್ಟಿ ಉತ್ತರ ಕೊಡಬೇಕು. ಉತ್ತರ ಬಾರದಿದ್ದರೆ ಸೋತಂತೆ. ಸೋತವರು ಗೆದ್ದವರ ಡಪ್ಪಿಗೆ ಭಂಡಾರ, ಅಂದರೆ ದೇವರ ಅರಿಶಿನ ಪುಡಿ, ಹಚ್ಚುವುದು ನಮ್ಮ ಎರಡೂ ಮೇಳಗಳ ಪದ್ಧತಿ.

ಕಳೆದ ವರ್ಷ ನಿಪ್ಪಾಣಿಯ ಸಮ್ಮೇದ ಎಂಬವನು ರುಕ್ಮವ್ವನ ಜೀವನದ ಬಗ್ಗೆ ಸಾಕ್ಷ್ಯಚಿತ್ರ ತೆಗೆಯಲು ಬಂದನು. ಎದುರಿಗೆ ಹಾಡುವವರು ಬೇಕೆಂದು ನನ್ನನ್ನೂ ಜುಗೂಳಕ್ಕೆ ಕರೆಸಿದನು. ಹೊಳೆದಂಡೆಯ ಕಟ್ಟೆಯ ಮೇಲೆ ರುಕ್ಮವ್ವ, "ಬಿತ್ತಾಂವ ದೊಡ್ಡಾಂವ ಅಂತಿ, ಬಿತ್ತಾಕ ಭೂಮಿ ಕೊಟ್ಟಾಕಿ ಯಾರೋ?" ಎಂದು ಸವಾಲು ಹಾಕಿದಳು. ನಾನು ಕೂಡಲೇ, "ಒಣಗಿ ಬಿರದ ನಿನ್ನ ಭೂಮಿಗಿ ಮಳಿ ಸುರದಾಂವ ಯಾರವ್ವಾ?" ಎಂದು ಹಾಡಿದೆನು. ಆಕೆಗೆ ಮರುಪದ ಬರಲಿಲ್ಲ. ಕ್ಯಾಮೆರಾದ ಮುಂದೆಯೇ ನನ್ನ ಡಪ್ಪಿಗೆ ಭಂಡಾರ ಹಚ್ಚಿದಳು. ಮೂವತ್ತು ವರ್ಷದಲ್ಲಿ ಆಕೆ ನನಗೆ ಸೋತದ್ದು ಅದೊಂದೇ ಸಲ.

ನಿನ್ನೆ ಸಂಜೆ 7 ಗಂಟೆಗೆ ಆ ಚಿತ್ರವನ್ನು ನಮ್ಮೂರ ಸಮುದಾಯ ಭವನದಲ್ಲಿ ಬಿಳಿ ಅರಿವೆ ಕಟ್ಟಿ ಅದರ ಮೇಲೆ ತೋರಿಸಿದರು. ಆ ಭಂಡಾರ ಹಚ್ಚುವುದನ್ನು ನೋಡಲಿ ಎಂದು ಕುಡಚಿಯಿಂದ ಬೀಗರನ್ನು ಕರೆಸಿದ್ದೆನು. ತಲೆಗೆ ಹೊಸ ಪಟಕಾ ಸುತ್ತಿ, ಡಪ್ಪು ಹಿಡಿದು ಹೋಗಿದ್ದೆನು. ರುಕ್ಮವ್ವನಿಗೆ ಶಾಲು ಹೊದಿಸಿ ಕುರ್ಚಿ ಕೊಟ್ಟರು. ನನ್ನದೇ ಊರಲ್ಲಿ ನನಗೆ ಜಮಖಾನೆ ತೋರಿಸಿದರು.

ಚಿತ್ರದಲ್ಲಿ ಆಕೆಯ ಮನೆ, ಮೊಮ್ಮಕ್ಕಳು ಬಂದರು. ಆಕೆಯ ಎಮ್ಮೆಯ ಮುಖ ಅರಿವೆ ತುಂಬ ಬಂತು. ಎಮ್ಮೆಗೆ ಸಿಕ್ಕ ಜಾಗ ನನಗೆ ಸಿಗಲಿಲ್ಲ. ಕಡೆಗೆ ಹೊಳೆದಂಡೆಯ ಸವಾಲು ಬಂತು. ನಾನು ಬೀಗರ ಮೊಣಕಾಲು ತಟ್ಟಿ, ಈಗ ನೋಡ್ರಿ ಎಂದೆನು. ಆಕೆಯ ಸವಾಲು ಮುಗಿಯುತ್ತಲೇ ಬರೀ ಹೊಳೆ ಹರಿಯುವುದನ್ನು ತೋರಿಸಿದರು. ನನ್ನ ಉತ್ತರ ಕತ್ತರಿಸಿದ್ದರು. ಹಿಂದೆ ಕುಳಿತಿದ್ದ ನಮ್ಮೂರ ಹುಡುಗ ಈಶ್ವರ, "ಯಾಕ ಕಾಕಾ, ಬಾಯಿ ಬಿದ್ದಹೋತೇನು?" ಎಂದನು. ಬೀಗರೂ ನಕ್ಕರು.

ನನಗೆ ಹೊಟ್ಟೆಕಿಚ್ಚಾಯಿತು. ಈ ಮಾತು ಬೇಡವೆಂದು ಜಮಾದಾರರು ಹೇಳಿದರು, ಇರಲಿ ಬರೆಯಿರಿ ಎಂದಿದ್ದೇನೆ. ಎದ್ದು ಹೋಗಿ ಅರಿವೆಯ ಮೇಲಿನ ರುಕ್ಮವ್ವನ ಎದುರು ನಿಂತು ನನ್ನ ಉತ್ತರವನ್ನು ಹಾಡತೊಡಗಿದೆನು. ಡಪ್ಪು ಎತ್ತಿ ಬಾರಿಸುವಾಗ ಅದರ ಅಂಚು ಸಿಕ್ಕು ಅರಿವೆ ಮೇಲಿನಿಂದ ಕೆಳಗಿನವರೆಗೆ ಹರಿಯಿತು. ಬೆನ್ನ ಹಿಂದಿನ ಕುರ್ಚಿಯಿಂದ ರುಕ್ಮವ್ವ, "ಲೇ ಭೀಮಸಿ, ನಾ ಇಲ್ಲಿ ಅದೀನಿ. ಅರಿವಿಗೇನ ಹಾಡಾಕತ್ತಿ?" ಎಂದಳು. ಭವನದಲ್ಲಿದ್ದವರೆಲ್ಲ ನಕ್ಕರು.

ಸಮ್ಮೇದನು ನನ್ನ ಕೈ ಹಿಡಿದು, "ಅಜ್ಜಾ, ಇದು ಒಬ್ಬರ ಜೀವನದ್ದ ಚಿತ್ರ ಐತ್ರಿ, ಇಬ್ಬರನ್ನ ತೋರಸಾಕ ಆಗಂಗಿಲ್ಲ" ಎಂದನು. ಒಂದು ಕೈಯಿಂದ ಚಪ್ಪಾಳೆ ಹೊಡೆದು ತೋರಿಸು ಎಂದೆನು. ಆತನು ಫಿರ್ಯಾದಿ ಕೊಟ್ಟನು. ಅರಿವೆ ಹರಿದದ್ದು ನಿಜ, ಹೊಸದು ತಂದುಕೊಡುತ್ತೇನೆ. ಹಾಡಿದ್ದಕ್ಕೆ ತಪ್ಪು ಒಪ್ಪುವುದಿಲ್ಲ.

ಈ ದಿನ ಮುಂಜಾನೆ ಸಾಕ್ಷಿಗೆಂದು ಠಾಣೆಗೆ ಬಂದ ರುಕ್ಮವ್ವನನ್ನು, ಹೊಳೆದಂಡೆಯಲ್ಲಿ ಈತ ಉತ್ತರ ಕೊಟ್ಟಿದ್ದನೇ ಎಂದು ಸಾಹೇಬರು ಕೇಳಿದರು. ಆಕೆ ಸುಳ್ಳು ಹೇಳುತ್ತಾಳೆ ಎಂದೇ ತಿಳಿದಿದ್ದೆನು. "ಕೊಟ್ಟಿದ್ದ ರೀ. ಅವತ್ತ ಸೋತಾಕಿ ನಾನ ರೀ. ಭಂಡಾರ ಈ ಕೈಲೆನ ಹಚ್ಚೀನಿ" ಎಂದಳು. ಸಾಹೇಬರು ಎದ್ದು ನಿಂತು ಆಕೆಗೆ ಕೈಮುಗಿದರು. ಜಮಾದಾರರು ಓಡಿಹೋಗಿ ಚಹಾ ತಂದುಕೊಟ್ಟರು. ನೀವು ದೊಡ್ಡ ಮನಸ್ಸಿನವರು ಎಂದು ಸಮ್ಮೇದನು ಆಕೆಯ ಕಾಲಿಗೆ ಬಿದ್ದನು. ಗೆದ್ದವನು ನಾನು ಇಲ್ಲಿಯೇ ನಿಂತಿದ್ದೆನು, ನನ್ನನ್ನು ಯಾರೂ ನೋಡಲಿಲ್ಲ.

ಬರೆದದ್ದನ್ನು ಓದಿ ಹೇಳಿದರು, ನಾನು ಹೇಳಿದಂತೆಯೇ ಇದೆ, ನಿಜವಿದೆ.

ಸ್ಥಳ: ಅಥಣಿ
ದಿನಾಂಕ: 15-12-2024
ಸಹಿ: ಭೀಮಸಿ ಲಗಮಪ್ಪ ಹಂಜಿ, ಹಾಡುಗಾರ