ನಲವತ್ತರ ಮೇಲೆ ನಡುಕ

ಪಂಕ್ಚರ್ ಹಾಕಿಸಲು ಗ್ಯಾರೇಜಿನ ಬೆಂಚಿನಲ್ಲಿ ಕೂತಿದ್ದೆ. ನಾಲ್ಕಿಂಚು ಎತ್ತರಿಸಿದ ಫೋರ್‌ವೀಲ್ ಪಿಕಪ್‌ನ ಪಕ್ಕ ಮಾಲೀಕ ಮತ್ತು ಮೇಸ್ತ್ರಿ ನಿಂತಿದ್ದರು.

“ಆಕ್ಸಲ್ಲಿಗೆ ಬೆಣೆ ಹಾಕಿದ್ರೂ ಸ್ಪೀಡು ನಲವತ್ತು ದಾಟಿದ್ರೆ ನಡುಗುತ್ತಲ್ಲ ಮೇಸ್ತ್ರಿ? ಇದು ಗಾಡಿಯೋ ಹಿಟ್ಟಿನ ಗಿರಣಿಯೋ ಅಂತಾಳೆ ನಮ್ಮನೆಯವಳು.”

“ಗಾಡಿ ಎತ್ತಿಸಿದ್ದಕ್ಕೆ ಚಕ್ರ ತಿರುಗಿಸೋ ಪ್ರೊಪೆಲ್ಲರ್ ಶಾಫ್ಟ್ ಓರೆಯಾಗಿದೆ ಸಾರ್, ಬೆಣೆ ಸಾಲದು. ಬೇರೆ ಶಾಫ್ಟ್ ಬರೋಕೆ ಒಂದು ತಿಂಗಳು.”

“ಅವಳಿಗೆ ಈಗಲೇ ಒಂಬತ್ತು ತಿಂಗಳು. ಕುಲುಕಾಟ ಕೂಡದು ಅಂದಿದ್ದಾರೆ ಡಾಕ್ಟರು.”

“ಮತ್ತೆ ಇಳಿಸಿಬಿಡ್ಲಾ?”

“ಇಳಿಸಿದ್ರೆ ನಮ್ಮ ದಾರಿಯ ಕಲ್ಲು ದಾಟಲ್ಲ. ಅದಕ್ಕೇ ತಾನೇ ಎತ್ತಿಸಿದ್ದು?”

“ಆಂಬುಲೆನ್ಸಿಗೆ ಹೇಳಿಡಿ.”

“ಅದೂ ಆ ಕಲ್ಲು ನೋಡಿ ವಾಪಸ್ ಹೋಗುತ್ತೆ.”

“ಹಾಗಾದ್ರೆ ನಲವತ್ತರಲ್ಲೇ ಓಡಿಸಿ, ನಡುಗಲ್ಲ.”

“ಆಸ್ಪತ್ರೆ ನೂರಿಪ್ಪತ್ತು ಕಿಲೋಮೀಟರ್.”

“ಮೂರು ಗಂಟೆ ಆಗುತ್ತೆ.”

“ನೋವು ಶುರುವಾದ್ಮೇಲೆ ಮೂರು ಗಂಟೆ ಸಿಗುತ್ತಾ?”

“ಅದನ್ನ ನನ್ನ ಕೇಳಿದ್ರೆ ಏನು ಹೇಳ್ಲಿ ಸಾರ್?”

ಮಾಲೀಕ ಕೀ ಇಸಿದುಕೊಂಡು ಗಾಡಿ ಹತ್ತಿದ. ನಿಧಾನಕ್ಕೆ ಹೊರಟ ಗಾಡಿಯ ಪಕ್ಕದಲ್ಲೇ ಮೇಸ್ತ್ರಿ ಗೇಟಿನವರೆಗೂ ನಡೆದ.