ದೇವದೂತನ ಕೆನ್ನೆಯ ಕೆಂಪು

ಊರಿನ ಹೆಸರು ಬೇಡ. ಹೇಳಿದರೆ ನೀವು ಅದು ಬೇರೆಯವರ ಊರು ಎಂದುಕೊಂಡುಬಿಡುತ್ತೀರಿ. ಅಲ್ಲೊಬ್ಬ ಶ್ರೀಮಂತನಿದ್ದ. ಚರ್ಚಿನ ಬಲಿಪೀಠದ ಪಕ್ಕದ ಗೋಡೆಗೆ ದೇವದೂತನ ಚಿತ್ರ ಬರೆಸುವ ಹರಕೆ ಹೊತ್ತಿದ್ದ. ಎಂಥ ಚಿತ್ರ? ಹಳೆಯ ಯುರೋಪಿನ ಬರೋಕ್ ಶೈಲಿಯದು. ಸುತ್ತ ಗಾಢ ಕತ್ತಲು, ಒಂದೇ ಮುಖದ ಮೇಲೆ ಸುರಿಯುವ ಬೆಳಕು, ಈಗಷ್ಟೇ ಹಾರಿಬಂದಂಥ ರೆಕ್ಕೆ. ಚಿತ್ರಕಾರ ಬಂದ. ಎದುರಿಗೆ ನಿಲ್ಲಿಸಿಕೊಳ್ಳಲು ಒಂದು ಮುಖ ಬೇಕೆಂದ. ಮನೆಗೆಲಸದವಳ ಪುಟ್ಟ ಮಗಳನ್ನು ನಿಲ್ಲಿಸಿದರು. ಕೆನ್ನೆ ಕೆಂಪಗಿತ್ತು, ಕಣ್ಣು ಹೊಳೆಹೊಳೆಯುತ್ತಿತ್ತು.

“ಆಹಾ, ಏನು ಕಳೆ ಸಾಹುಕಾರ್ರೆ! ಈ ಕೆಂಪು ನನ್ನ ಡಬ್ಬೀಲೇ ಇಲ್ಲ!” ಎಂದ ಚಿತ್ರಕಾರ.

ತಾಯಿ ಬಾಗಿಲಲ್ಲೇ ನಿಂತು ಹೇಳಿದಳು: “ಬುದ್ದಿ, ಅದು ಕಳೆ ಅಲ್ಲ, ಜ್ವರ. ಮೈ ಕೆಂಡ ಆಗೋಗೈತೆ. ಆಸ್ಪತ್ರೆಗೆ ಕರ್ಕೊಂಡೋಗ್ತೀನಿ.”

“ಆಮೇಲೆ ಹೋಗು, ಮೊದ್ಲು ಚಿತ್ರ ಮುಗೀಲಿ. ಜ್ವರ ಇಳಿದ್ರೆ ಈ ಕಳೆ ಎಲ್ಲಿಂದ ತರ್ಲಿ? ದೇವರ ಕೆಲಸಕ್ಕೆ ನಿಂತ ಮಗೂನ ದೇವರೇ ನೋಡ್ಕೋತಾನೆ ಬಿಡಮ್ಮ,” ಎಂದ ಶ್ರೀಮಂತ.

ನೋಡಿ, ಎಷ್ಟು ಭಕ್ತಿಯ ಮಾತು! ನಾವೂ ಆಡಿದ್ದೇವಲ್ಲವೇ?

ಚಿತ್ರ ಮುಗಿಯುವ ಮೊದಲೇ ಮಗು ಕಣ್ಣು ಮುಚ್ಚಿತು. ರೆಕ್ಕೆಗಳನ್ನು ಚಿತ್ರಕಾರ ಆಮೇಲೆ ಬರೆದ.

ಹಬ್ಬದ ದಿನ ಊರಿಗೆ ಊರೇ ಆ ಚಿತ್ರದ ಮುಂದೆ ಮೊಣಕಾಲೂರಿತು. ತಾಯಿಯೂ ಬಂದಳು. ಹಾಡು ನಡೆಯುತ್ತಿರುವಾಗಲೇ ಎದ್ದು, ಒಂದು ಲೋಟ ನೀರು ತಂದು, ಬಲಿಪೀಠದ ಮೆಟ್ಟಿಲು ಹತ್ತಿ, ಚಿತ್ರದ ತುಟಿಗೆ ಹಿಡಿದಳು.

“ಬಾಯಿ ಒಣಗೋಗೈತೆ. ಇಷ್ಟು ಜನ ಕೂತಿದ್ದೀರಲ್ಲ, ಒಬ್ರಿಗೂ ಕಾಣಲಿಲ್ವಾ?”

“ಏಯ್, ಬಣ್ಣ ಹಾಳಾಗುತ್ತೆ! ಹಿಡೀರಿ ಅವಳನ್ನ!” ಎಂದು ಶ್ರೀಮಂತ ಕೂಗಿದ.

ಎಲ್ಲರೂ ಓಡಿದರು. ಓಡಿದರು, ಹೌದು. ಮಗುವಿಗಾಗಿ ಒಬ್ಬರೂ ಓಡದ ಊರು, ಬಣ್ಣಕ್ಕಾಗಿ ಓಡಿತು. ಅವಳನ್ನು ಹೊರಗೆ ಹಾಕಿ, ಬಾಗಿಲು ಮುಚ್ಚಿ, ಹಾಡನ್ನು ಬಿಟ್ಟ ಸಾಲಿನಿಂದಲೇ ಮುಂದುವರಿಸಿತು.

ಆಮೇಲೆ? ಶ್ರೀಮಂತ ಪಶ್ಚಾತ್ತಾಪಪಟ್ಟನೇ? ಇಲ್ಲ. ಪವಾಡ ನಡೆಯಿತೇ? ಇಲ್ಲ. ಈ ಕಥೆಯಲ್ಲಿ ನಿಮಗೆ ಕೊಡಲು ಸಮಾಧಾನವಿಲ್ಲ. ಹುಡುಕಿದೆ, ಸಿಗಲಿಲ್ಲ.

ಈಗ ನಿಮ್ಮನ್ನೇ ಕೇಳುತ್ತೇನೆ. ನಿಮ್ಮ ಮನೆಯಲ್ಲಿ ಪಾತ್ರೆ ತೊಳೆಯುವವಳು ಮೊನ್ನೆ ಗೋಡೆ ಹಿಡಿದು ಕೆಮ್ಮುತ್ತಿದ್ದಳಲ್ಲ, ಏನೆಂದಿರಿ? “ಭಾನುವಾರ ನೆಂಟರು ಬರ್ತಾರೆ, ಸೋಮವಾರ ರಜೆ ತಗೋ” ಎಂದಿರಲ್ಲವೇ? ಇವತ್ತು ಈ ಚರ್ಚಿನಿಂದ ಎದ್ದವರು ನೇರ ಅವಳ ಮನೆಗೆ ಹೋಗಿ. ಉಳಿದ ಪ್ರಾರ್ಥನೆ ಆಮೇಲಾಗಲಿ, ದೇವರು ಕಾಯುತ್ತಾನೆ. ಅವಳ ಹಣೆ ಮುಟ್ಟಿ ನೋಡಿ. ಬಿಸಿಯಿದ್ದರೆ ನೀವೇ ಡಾಕ್ಟರ ಬಳಿ ಕರೆದೊಯ್ಯಿರಿ. ನೀವು ಹೋಗುವಷ್ಟರಲ್ಲಿ ತಡವಾಗಿಹೋಗಿ, ಎಷ್ಟು ಬಡಿದರೂ ಆ ಬಾಗಿಲು ತೆರೆಯದಿದ್ದರೆ, ಮರಳಿ ಇಲ್ಲಿಗೆ ಬಂದು ಮೊಣಕಾಲೂರಬೇಡಿ. ಅಲ್ಲೇ, ಆ ಹೊಸ್ತಿಲಲ್ಲೇ ಊರಿ.